ಕುಟ್ಟಾಣಿ ಎತ್ತಿದ ಸಾಸಿವೆ

ಈ ಊರಿನ ಲಿಫ್ಟುಗಳು ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಹೆದರಿ ತಾವಾಗಿಯೇ ರಿಪೇರಿಯಾಗುತ್ತವೆ. ನಂಬದವರು ಮೆಟ್ಟಿಲು ಹತ್ತಲಿ. ಇಂಥ ಮೆಕ್ಯಾನಿಕ್ ಆದ ನಾನು ನನ್ನ ಮನೆ ಬಾಗಿಲಲ್ಲಿ ಮಾತ್ರ ಕಳ್ಳನ ಹಾಗೆ ನಿಲ್ಲಬೇಕಿತ್ತು. ಹೆಂಡತಿಯ ಮೂಗು ಹಾಗಿತ್ತು. ನಾನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಒಳಗಿನಿಂದ ಕೂಗು: "ರೀ, ಗ್ರೀಸ್ ವಾಸನೆ! ಅಂಗಿ ಅಲ್ಲೇ ಬಿಚ್ಚಿ, ಆಮೇಲೆ ಒಳಗೆ ಬನ್ನಿ!"

ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ಪಾತ್ರೆಯ ಮುಚ್ಚಳ ತೆಗೆಯದೆಯೇ ಉಪ್ಪು ಕಡಿಮೆ ಎನ್ನುವವಳು. ಅವಳು ಒಗ್ಗರಣೆ ಹಾಕಿದರೆ ಊಟದ ಗಂಟೆಗೆ ಮೊದಲೇ ಕಾರ್ಖಾನೆಯ ಯಂತ್ರಗಳು ಜೊಲ್ಲು ಸುರಿಸಿಕೊಂಡು ನಿಂತುಬಿಡುತ್ತಿದ್ದವು.

ಒಂದು ಜ್ವರ ಬಂತು. ಹೋಗುವಾಗ ಅವಳ ಮೂಗು, ನಾಲಿಗೆ ಎರಡನ್ನೂ ಕದ್ದುಕೊಂಡು ಹೋಯಿತು. ಕ್ಯಾಂಟೀನಿನ ದೊಡ್ಡ ಪಾತ್ರೆ ತಳ ಹಿಡಿದು ಸೀದು ಹೊಗೆ ಎದ್ದರೂ ಪಕ್ಕದಲ್ಲೇ ನಿಂತವಳಿಗೆ ತಿಳಿಯಲಿಲ್ಲ. ಅಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ. ಅವಳೇ ಮನೆಗೆ ಬಂದು ಹೇಳಿದಳು: "ಈ ತಿಂಗಳು ಮುಗೀಲಿ, ಸೌಟು ಬೇರೆಯವರಿಗೆ ಕೊಟ್ಟುಬಿಡ್ತೀನಿ. ರುಚಿ ಗೊತ್ತಿಲ್ಲದೋಳು ಅಷ್ಟು ಜನಕ್ಕೆ ಬಡಿಸೋದು ಮೋಸ ಕಣ್ರೀ."

ಆ ಸಂಜೆ ನಾನು ಗ್ರೀಸ್ ಅಂಗಿಯಲ್ಲೇ ಹೋಗಿ ಅವಳಿಗೆ ಅಂಟಿಕೊಂಡು ಕುಳಿತೆ. ಅವಳು ಬೈಯಲಿಲ್ಲ. ನನ್ನೊಳಗಿನ ಲಿಫ್ಟು ಹಗ್ಗ ಕಡಿದು ಸೀದಾ ಪಾತಾಳಕ್ಕೆ ಹೋಯಿತು.

"ಘಾಟು ಇರೋದನ್ನ ದಿನಾ ಮೂಸಿಸಿ, ನಿಧಾನಕ್ಕೆ ಬಂದ್ರೂ ಬರಬಹುದು" ಎಂದರು ಡಾಕ್ಟರು. ನನಗೆ ತಕ್ಷಣ ನೆನಪಾದದ್ದು ಸಾಸಿವೆ ಮೈಕ್ರೋಗ್ರೀನ್ಸ್. ಒಂದು ಆಫೀಸಿನ ಕಿಟಕಿಯಲ್ಲಿ ಯಾರೋ ತಟ್ಟೆಯಲ್ಲಿ ಬೆಳೆಸಿದ್ದರು. ಬೆರಳುದ್ದದ ಎಳೆ ಸಸಿ. ಒಂದು ಎಸಳು ಬಾಯಿಗೆ ಹಾಕಿದ್ದಕ್ಕೆ ನನ್ನ ಎರಡೂ ಕಿವಿಗಳಲ್ಲಿ ಹೊಗೆ ಬಂದಿತ್ತು.

ಒಂದು ತಟ್ಟೆಗೆ ಒಂದು ಚಮಚ ಬೀಜ ಸಾಕು ಎಂದು ಅಂಗಡಿಯವನು ಹೇಳಿದ್ದ. ನಾನೇನು ಚಮಚದ ಮನುಷ್ಯನೇ? ಪೊಟ್ಟಣ ಪೂರ್ತಿ ಸುರಿದೆ. ಆನೆಗೆ ಸ್ನಾನ ಮಾಡಿಸುವಷ್ಟು ನೀರು ಹಾಕಿದೆ.

"ಅಳಿಯಂದ್ರೇ, ಇದು ತೋಟಾನೋ ಕೆರೇನೋ?" ಎಂದರು ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ.

"ನೋಡ್ತಾ ಇರಿ ಅತ್ತೆ, ಕಾಡೇ ಎದ್ದು ಬರುತ್ತೆ."

ಎದ್ದದ್ದು ಬೂಷ್ಟು. ಕೊಳೆತ ನಾತಕ್ಕೆ ಗೋಡೆಯ ಹಲ್ಲಿ ಮನೆ ಖಾಲಿ ಮಾಡಿತು. ಅತ್ತೆ ಮೂಗಿಗೆ ಟವೆಲ್ ಕಟ್ಟಿಕೊಂಡರು. ಅಷ್ಟರಲ್ಲಿ ನನ್ನವಳು ಬಂದು ತಟ್ಟೆಯ ಮೇಲೆ ಬಗ್ಗಿ, ಮೂಗನ್ನು ಬೂಷ್ಟಿಗೆ ತಾಗುವಷ್ಟು ಹತ್ತಿರ ತಂದು, ಮೆಲ್ಲಗೆ ಕೇಳಿದಳು: "ಚೆನ್ನಾಗಿ ಬರ್ತಿದ್ಯಾ?"

ಅತ್ತೆ ಸದ್ದಿಲ್ಲದೆ ಟವೆಲ್ ಬಿಚ್ಚಿ ಹಿಂದೆ ಅಡಗಿಸಿಕೊಂಡರು.

ಎರಡನೆಯ ತಟ್ಟೆಗೆ ಅತ್ತೆಯೇ ಮೇಸ್ತ್ರಿ. "ಒಂದು ತೊಟ್ಟಿಲಿಗೆ ಎಷ್ಟು ಮಕ್ಕಳನ್ನ ತುರುಕ್ತೀರಾ? ಉಸಿರಾಡೋಕೆ ಜಾಗ ಬಿಡಿ." ತೆಂಗಿನ ನಾರಿನ ಪುಡಿ ಹರಡಿ, ಚಮಚದಲ್ಲೇ ಬೀಜ ಉದುರಿಸಿ, ನೀರು ಚಿಮುಕಿಸಿದೆ. ಬೇರು ಗಟ್ಟಿಯಾಗಿ ಕೆಳಗಿಳಿಯಲೆಂದು ಮೊದಲು ಕತ್ತಲಲ್ಲಿಟ್ಟು, ಇನ್ನೊಂದು ತಟ್ಟೆ ಮುಚ್ಚಿ ಮೇಲೆ ಭಾರ ಹೇರಬೇಕಂತೆ. ಭಾರಕ್ಕೆ ಹುಡುಕುತ್ತಿದ್ದಾಗ ಹೆಂಡತಿ ತನ್ನ ಕಲ್ಲಿನ ಕುಟ್ಟಾಣಿಯನ್ನು ತಂದು ಮುಂದಿಟ್ಟಳು. ಯಾರಿಗೂ ಮುಟ್ಟಲು ಬಿಡದೆ ಕಾಪಾಡಿದ್ದ ಕುಟ್ಟಾಣಿ ಅದು.

"ತಗೊಳ್ಳಿ. ನಂಗಿನ್ಯಾಕೆ ಅದು?"

ಒಂದು ಬೆಳಿಗ್ಗೆ ನೋಡಿದರೆ ಕುಟ್ಟಾಣಿ ಗಾಳಿಯಲ್ಲಿತ್ತು! ಅತ್ತೆ ಒಂದು ಬೆರಳು ಮೇಲೆದ್ದಿದೆ ಎಂದರು; ನನ್ನ ಲೆಕ್ಕದಲ್ಲಿ ಒಂದು ಮಹಡಿ. ಮೋಟಾರಿಲ್ಲ, ಹಗ್ಗವಿಲ್ಲ, ಕರೆಂಟಿಲ್ಲ, ಸೂಜಿಯಷ್ಟು ತೆಳ್ಳಗಿನ ಸಸಿಗಳು ಆ ಕಲ್ಲನ್ನು ತಲೆಯ ಮೇಲೆ ಹೊತ್ತು ನಿಂತಿದ್ದವು. ನಾನು ಮೀಸೆ ತಿರುವಿದೆ.

"ಹೊತ್ತಿದ್ದು ಸಾಸಿವೆ, ಮೀಸೆ ಇವರದ್ದು" ಎಂದರು ಅತ್ತೆ.

ನನ್ನವಳು ಮಾತ್ರ ನೆಲದ ಮೇಲೆ ಕುಳಿತು ಆ ಸಸಿಗಳನ್ನೇ ನೋಡುತ್ತಿದ್ದಳು.

ಕಿಟಕಿಯ ಬೆಳಕಿಗಿಟ್ಟ ಮೇಲೆ ಹಳದಿ ಎಲೆಗಳು ಹಸಿರಾದವು. ತಿಂಗಳ ಕೊನೆಗೆ ಕತ್ತರಿಯಿಂದ ಒಂದು ಹಿಡಿ ಕತ್ತರಿಸಿ ಕೊಟ್ಟೆ. ಅಗಿದಳು. ನಾವಿಬ್ಬರೂ ಅವಳ ಮೂಗನ್ನೇ ನೋಡಿದೆವು. ಇದ್ದಕ್ಕಿದ್ದಂತೆ ಅವಳ ಕಣ್ಣಲ್ಲಿ ದಳದಳ ನೀರು.

"ಅಯ್ಯೋ, ನೆತ್ತಿಗೇರ್ತು!"

"ರುಚಿ?" ಎಂದೆ.

"ಉರಿ ಅಷ್ಟೇ. ಸುಳ್ಳು ಹೇಳಲ್ಲ ರೀ, ರುಚಿ ಬಂದಿಲ್ಲ."

"ಮತ್ತೆ ಸೌಟು?" ಎಂದರು ಅತ್ತೆ.

ಅವಳು ಅರ್ಧ ಬೋಳಾದ ತಟ್ಟೆಯನ್ನು ನೋಡಿದಳು. "ಇನ್ನೊಂದು ತಟ್ಟೆ ಬೆಳೀಲಿ. ಆಮೇಲೆ ನೋಡೋಣ."

ಅಂದಿನಿಂದ ಬಿತ್ತಿದೆವು, ಕತ್ತರಿಸಿದೆವು, ಮತ್ತೆ ಬಿತ್ತಿದೆವು. ಕ್ಯಾಂಟೀನಿನ ಜೊತೆಗಾರ್ತಿ ಉಪ್ಪು ನೋಡಿ ಹೇಳುತ್ತಿದ್ದಳು. ಸೌಟು ಮಾತ್ರ ನನ್ನವಳ ಕೈಯಲ್ಲೇ ಇತ್ತು. ದಿನಾ ಸಂಜೆ ಎಸಳು ಅಗಿಯುವಳು, ಅಳುವಳು, ನಗುವಳು.

ಒಂದು ಸಂಜೆ ಕೆಲಸ ಮುಗಿಸಿ ಬಂದು ಹೊಸ್ತಿಲಲ್ಲಿ ಕಾಲಿಟ್ಟಿದ್ದೆ.

"ರೀ... ಅಲ್ಲೇ ನಿಲ್ಲಿ."

ನಿಂತೆ. ಎದ್ದು ಬಂದಳು. ನನ್ನ ಹೆಗಲಿಗೆ ಮೂಗು ತಾಗಿಸಿ ಉದ್ದಕ್ಕೆ ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

"ಥೂ, ಗ್ರೀಸ್!" ಎಂದು ಹಾಗೇ ಅಪ್ಪಿಕೊಂಡಳು.

ಜಗತ್ತಿನ ಯಾವ ಅತ್ತರಿನವನಿಗೂ ಅಂಥ ಮರ್ಯಾದೆ ಸಿಕ್ಕಿರಲಾರದು. ನಾನು ಅಂಗಿ ಬಿಚ್ಚಲಿಲ್ಲ. ಅತ್ತೆ ಒಳಗಿನಿಂದ, "ಸಾಕು ಬಿಡ್ರೋ, ನಂಗೂ ಮೂಗಿದೆ!" ಎಂದು ಕೂಗಿದರು. ಕೂಗಿದ ದನಿ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಹೊಸ ತಟ್ಟೆಯ ಮೇಲಿದ್ದ ಕುಟ್ಟಾಣಿಯನ್ನು ಅವಳು ಎತ್ತಿಕೊಂಡಳು. ಎಳೆ ಮೊಳಕೆಗಳನ್ನು ಬೆರಳ ತುದಿಯಿಂದ ಒಮ್ಮೆ ಸವರಿ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಇದು ನಂಗೆ ಬೇಕು. ಅವಕ್ಕೆ ಒಂದು ಇಟ್ಟಿಗೆ ತಂದಿಡಿ."