ನಡುವಿನ ಹಗ್ಗ

"ಏ ಮೋನಿ, ಉಡಿ ಬಿಗಿದು ಕಟ್ಟ ಬೇ ರಂಡಿ. ಹಂಗ ಜೋಲಾಡಿದ್ರ ಅದರಾಗ ಹತ್ತಿ ಎಷ್ಟು ಹಿಡಿತದ? ನಿಮ್ಮಪ್ಪನ ಹೊಲ ಅಂತ ತಿಳದಿಯೇನು?"

ಭೀಮರಾಯಗೌಡ ಒಡ್ಡಿನ ಮೇಲಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನೆರಳು ಸಾಲದೆಂದು ಮೇಲೊಂದು ಕೊಡೆ ಬೇರೆ. ಕಕ್ಕೇರಾದ ಆ ಹೊಲದಲ್ಲಿ ಬಿಸಿಲು ತಾಗಬಾರದ ಮೈ ಅವನದೊಂದೇ ಇತ್ತು. ಮೋನಮ್ಮ "ಕಟ್ಟೇನ್ರಿ ಗೌಡ್ರ" ಎನ್ನುತ್ತಾ ನಡುವಿನ ಹಗ್ಗವನ್ನು ಇನ್ನಷ್ಟು ಜಗ್ಗಿ ಗಂಟು ಹಾಕಿದಳು.

ಹಗ್ಗ ಗೌಡನದೇ. ಹತ್ತಿ ಬಿಡಿಸುವ ಹೆಂಗಸರು ಹೆಗಲಿಗೆ ಚೀಲ ಹಾಕಿಕೊಂಡರೆ ಅದರಲ್ಲಿ ಏನೇನು ಅಡಗಿಸುತ್ತಾರೋ ಎಂಬ ಚಿಂತೆ ಅವನಿಗೆ. ಅದಕ್ಕೆ ಎಲ್ಲರೂ ನಡುವಿಗೇ ಸೆರಗಿನ ಉಡಿ ಕಟ್ಟಬೇಕು, ಅದೂ ಅವನು ಕೊಟ್ಟ ನೈಲಾನ್ ಹಗ್ಗದಿಂದ. ಸಂಜೆ ಒಬ್ಬೊಬ್ಬರನ್ನೇ ನಿಲ್ಲಿಸಿ ಸೀರೆಯ ನೆರಿಗೆಯೊಳಗೆ ಬಡಿಗೆಯಿಂದ ತಿವಿದು ನೋಡುತ್ತಿದ್ದ. ಇಷ್ಟು ಶ್ರಮ ಅವನು ಬೇರೆ ಯಾವ ಕೆಲಸಕ್ಕೂ ಪಟ್ಟವನಲ್ಲ.

ಹೊತ್ತೇರಿದಂತೆ ಉಡಿ ತುಂಬುತ್ತದೆ, ಭಾರವೆಲ್ಲ ಹಗ್ಗಕ್ಕೆ ಬೀಳುತ್ತದೆ, ಹಗ್ಗ ಅದರಡಿಯ ಒಳಲಂಗದ ಲಾಡಿಯನ್ನು ಒತ್ತುತ್ತದೆ, ಲಾಡಿ ಚರ್ಮವನ್ನು ತಿನ್ನುತ್ತದೆ. ಮೋನಮ್ಮನ ಎಡ ಸೊಂಟದ ಮೇಲೆ ಅಲ್ಲೇ ಒಂದು ಹುಣ್ಣಾಗಿತ್ತು. ಹೋದ ವರ್ಷದ ಹತ್ತಿಯ ಕಾಲಕ್ಕೆ ಬಂದದ್ದು ಇನ್ನೂ ಮಾಯ್ದಿರಲಿಲ್ಲ. ಅಂಚು ದಪ್ಪವಾಗಿ ಎದ್ದಿತ್ತು, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಅರಿಶಿನ ಹಚ್ಚಿದಳು, ತಂಬಾಕಿನ ಪುಡಿ ಒತ್ತಿದಳು, ಅದರ ಮೇಲೆಯೇ ಲಾಡಿ ಬಿಗಿದಳು. ನೋಯುತ್ತಿರಲಿಲ್ಲವಲ್ಲ, ನೋಯದ್ದು ರೋಗ ಹೇಗಾದೀತು ಎಂದು ಅವಳ ಲೆಕ್ಕ. ಪಕ್ಕದ ಸಾಲಿನ ಚಮನಬೀ ಮಾತ್ರ ಅವಳ ಕೈ ಸದಾ ಅಲ್ಲಿಗೇ ಹೋಗುವುದನ್ನು ಕಂಡು, ಗಂಡನಿಗೆ ತಿಳಿಯದಂತೆ ಬಂಗಾರ ಬಚ್ಚಿಟ್ಟಿದ್ದೀಯಾ ಎಂದು ಕಾಡಿಸುತ್ತಿದ್ದಳು.

ಆ ಸಂಜೆ ಬಂಗಾರ ಹೊರಬಿತ್ತು. ಗೌಡ ತಿವಿದ ಬಡಿಗೆ ನೇರ ಹುಣ್ಣಿಗೇ ತಾಗಿ, ತುದಿಗೆ ರಕ್ತ ಹತ್ತಿತು. ಗೌಡ ಜಿಗಿದು ಹಿಂದೆ ಸರಿದ.

"ಕುಷ್ಠ ಅದ ಏನ ಬೇ ನಿನಗ? ಇದೇ ಕೈಲೆ ನನ್ನ ಹತ್ತಿ ಮುಟ್ಟಿಯೇನು? ಥೂ! ನಾಳಿಂದ ಈ ಹೊಲದಾಗ ಕಾಲಿಟ್ರ ಮುರೀತೀನಿ."

ಬಡಿಗೆಯನ್ನು ಬೇಲಿಯಾಚೆ ಎಸೆದ. ಅವಳು ಮುಟ್ಟಿದ ಹತ್ತಿಯನ್ನು ಮಾತ್ರ ಎಸೆಯಲಿಲ್ಲ, ಅದು ಉಳಿದ ಹತ್ತಿಯ ಜೊತೆಗೇ ಟ್ರ್ಯಾಕ್ಟರ್ ಏರಿತು. ಮೋನಮ್ಮ ತಲೆ ತಗ್ಗಿಸಿ ನಿಂತಳು. ಅಷ್ಟು ಜನರೆದುರು ಹೀಗೆ ನಿಲ್ಲುವುದಕ್ಕಿಂತ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ದಾರಿಯಲ್ಲಿ ತೊಗರಿಯ ಮರೆಗೆ ಕರೆದೊಯ್ದು ಚಮನಬೀ ಲಾಡಿ ಸಡಿಲಿಸಿ ನೋಡಿದಳು. ಅವಳ ನಗೆ ಹಾರಿಹೋಯಿತು.

"ನೋಯಂಗಿಲ್ಲ ಚಮನವ್ವ," ಎಂದಳು ಮೋನಮ್ಮ.

"ನೋಯಲಾರದ್ದಕ್ಕ ಆ ಗೌಡ ಯಾಕ ಹಂಗ ಜಿಗಿದಾ? ಮುಂಜಾನಿ ಸುರಪುರಕ್ಕ ಹೋಗೂಣು. ಒಲ್ಲೆ ಅಂದ್ರ ನಿನ್ನ ಎತ್ತಿಕೊಂಡ ಹೋಗ್ತೀನಿ."

ಸುರಪುರದ ದವಾಖಾನೆಯ ಡಾಕ್ಟರ್ ಪರಿಮಳಾ ಎಳೆ ವಯಸ್ಸಿನವರು. ಮೂಗು ಮುಚ್ಚಿಕೊಳ್ಳಲಿಲ್ಲ, ಬಗ್ಗಿ ಬೆರಳಿಟ್ಟು ನೋಡಿದರು. ಕುಷ್ಠವಲ್ಲ, ಯಾರಿಗೂ ಅಂಟುವುದಿಲ್ಲ ಎಂದಾಗ ಮೋನಮ್ಮನ ಕಣ್ಣಲ್ಲಿ ನೀರು ಬಂತು. ಆದರೆ ಹುಣ್ಣಿನ ಚೂರನ್ನು ಪರೀಕ್ಷೆಗೆ ಕಳಿಸಿದಾಗ ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು. ಇನ್ನೂ ಹಬ್ಬಿರಲಿಲ್ಲ, ಕಲಬುರಗಿಯಲ್ಲಿ ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು. ತಿಂಗಳಾದರೂ ಮಾಯದ ಹುಣ್ಣು ನೋಯಲಿ ಬಿಡಲಿ ತೋರಿಸಬೇಕಿತ್ತು ಎಂದು ಪರಿಮಳಾ ಬೈದರು. ಹಗ್ಗ, ಲಾಡಿ ಒಂದೇ ಜಾಗವನ್ನು ತಿಕ್ಕಿ ತಿಕ್ಕಿಯೇ ಹೀಗಾದದ್ದು, ಇನ್ನು ಲಾಡಿ ಅಗಲದ್ದಿರಲಿ, ಸಡಿಲವಿರಲಿ, ದಿನಾ ಒಂದೇ ಜಾಗಕ್ಕೆ ಬೇಡ. ಧೋತರ ಉಡುವ ಗಂಡಸರಿಗೂ ಇದೇ ಮಾತು. ಸುಟ್ಟ ಗಾಯದ ಹಳೆಯ ಕಲೆ, ಅಂಗಾಲು, ಬೆಳೆಯುವ ಮಚ್ಚೆ, ಎಲ್ಲವನ್ನೂ ಆಗಾಗ ನೋಡಿಕೊಳ್ಳಿ ಎಂದರು.

"ಹಂಗಾದ್ರ ಸೀರಿ ತಲಿಗೆ ಸುತ್ತಿಕೊಳ್ಳೂಣೇನ್ರಿ ಡಾಕ್ಟರ್ ಬಾಯಿ?" ಎಂದಳು ಮೋನಮ್ಮ.

ಪರಿಮಳಾ ನಕ್ಕರು, ಆಮೇಲೆ ನಗು ನಿಲ್ಲಿಸಿ ಹೇಳಿದರು. "ಸೀರಿ ಉಡು ಮೋನಮ್ಮ. ಆದರ ಆ ಹಗ್ಗ ಮತ್ತ ನಡಕ್ಕ ಬಿಗದ್ರ ಇದು ಮತ್ತ ಬರಬಹುದು."

ಗಾಯ ಮಾಯುವ ಹೊತ್ತಿಗೆ ಗೌಡನ ಹೊಲದಲ್ಲಿ ಎರಡನೇ ಸಲದ ಹತ್ತಿ ಅರಳಿತ್ತು. ಅಷ್ಟರಲ್ಲಿ ಹೆಂಗಸರೆಲ್ಲ ಚಮನಬೀಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರ ಸೊಂಟ ಒಬ್ಬರು ನೋಡಿ ಮುಗಿಸಿದ್ದರು. ಅಲ್ಲಿ ಆದ ತಮಾಷೆ ಬರೆಯುವಂಥದ್ದಲ್ಲ. ಎಲ್ಲರ ನಡುವಿಗೂ ಕಪ್ಪು ಪಟ್ಟೆ ಇತ್ತು, ಗುರುಲಿಂಗಮ್ಮನದು ಬಿರುಕು ಬಿಟ್ಟಿತ್ತು, ಅವಳನ್ನೂ ಸುರಪುರಕ್ಕೆ ಅಟ್ಟಿದರು. ಚಮನಬೀ ಹಳೆಯ ಸೀರೆಗಳಿಂದ ಅಗಲ ಪಟ್ಟಿಯ ಹೆಗಲ ಚೀಲ ಹೊಲಿದುಕೊಟ್ಟಳು. ಮೋನಮ್ಮನನ್ನು ಮುಂದೆ ಬಿಟ್ಟುಕೊಂಡೇ ಎಲ್ಲರೂ ಹೊಲಕ್ಕೆ ಹೋದರು.

ಗೌಡ ಕುರ್ಚಿಯಿಂದಲೇ ಕೂಗಿದ. "ಹೆಗಲಿಗೆ ಚೀಲ ಹಾಕ್ಕೊಂಡು ಕಳವಿಗಿ ಬಂದೀರೇನು? ಹಗ್ಗ ಕಟ್ಟಿದವರಷ್ಟ ಒಳಗ ಬರ್ರಿ. ಆ ಕುಷ್ಠದಕಿ ಹಾದಿ ಹಿಡೀಲಿ."

ಮೋನಮ್ಮ ಒಮ್ಮೆ ಸುತ್ತ ನೋಡಿದಳು. ಸುತ್ತಲಿನ ಹತ್ತಿಯೆಲ್ಲ ಈ ಗೌಡನದು, ಇಲ್ಲಿ ಇಲ್ಲವೆಂದರೆ ಕೂಲಿಯೇ ಇಲ್ಲ. ಕೈ ತಾನಾಗಿ ಹೊಲಿಗೆಯ ಕಲೆಯ ಮೇಲೆ ಹೋಯಿತು. ಮೆಲ್ಲಗೆ ನಡೆದು ಹೋಗಿ ತನ್ನ ನೈಲಾನ್ ಹಗ್ಗವನ್ನು ಅವನ ಕುರ್ಚಿಯ ಕೈಗೆ ತೂಗುಹಾಕಿದಳು. ಹಿಂದಿನಿಂದ ಚಮನಬೀ ತನ್ನದು ಹಾಕಿದಳು, ಆಮೇಲೆ ಗುರುಲಿಂಗಮ್ಮ, ಆಮೇಲೆ ಉಳಿದವರು.

"ಕುಷ್ಠ ಅಲ್ರಿ, ಕ್ಯಾನ್ಸರ್ ಇತ್ತು. ನಿಮ್ಮ ಹಗ್ಗದ ಅಡಿಗೆ ಇತ್ತು," ಎಂದಳು ಮೋನಮ್ಮ. "ಸಂಜಿಕ ಚೀಲ ಕೊಡವಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದರ ನಡಕ್ಕ ಹಗ್ಗ ಕಟ್ಟಂಗಿಲ್ಲ, ಬಡಿಗಿ ತಾಗಸಗೊಡಂಗಿಲ್ಲ. ಒಪ್ಪಿಗಿ ಆಗೂತನಕ ಇಲ್ಲೇ ಕೂಡ್ತೀವಿ."

ಎಲ್ಲರೂ ಅವನ ಬೇವಿನ ನೆರಳಲ್ಲೇ ಕೂತುಬಿಟ್ಟರು. ಗೌಡ ತಾಯಿ, ಅಜ್ಜಿ, ಜಾತಿ ಯಾವುದನ್ನೂ ಬಿಡದೆ ಬೈದ. ಬೈದು ದಣಿದಾಗ ಪಡುವಣಕ್ಕೆ ಎದ್ದ ಮೋಡವನ್ನು ನೋಡಿದ, ಮಳೆ ಬಿದ್ದರೆ ಮಣ್ಣುಪಾಲಾಗಲಿದ್ದ, ಅರಳಿ ಜೋತ ಹತ್ತಿಯನ್ನು ನೋಡಿದ.

"ಧೋತರದ ಗಂಟಿನ ಅಡಿಗೆ ನೀವೂ ಒಮ್ಮಿ ನೋಡ್ಕೊಳ್ರಿ ಗೌಡ್ರ," ಎಂದಳು ಚಮನಬೀ. "ಡಾಕ್ಟರ್ ಬಾಯಿ ಗಂಡಸರಿಗೂ ಹೇಳ್ಯಾರ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗೌಡ ಬೆನ್ನು ತಿರುಗಿಸಿ ಕೊಡೆಯನ್ನು ಅಡ್ಡ ಹಿಡಿದ. ಆದರೂ ಅವನ ಬೆರಳು ಗಂಟಿನೊಳಗೆ ಇಳಿದದ್ದು ಮೋನಮ್ಮನಿಗೆ ಕಂಡಿತು. ಬೆರಳು ಸೊಂಟದ ಸುತ್ತ ಸರಿಯುತ್ತಾ ಹೋಗಿ ಒಂದು ಕಡೆ ನಿಂತುಬಿಟ್ಟಿತು.

"ಇಲ್ಲೇನೋ ಗಂಟಾಗ್ಯದ," ಎಂದ ಗೌಡ, ಯಾರಿಗೂ ಅಲ್ಲದಂತೆ. "ನೋವೇನಿಲ್ಲ."

"ನನಗೂ ನೋವು ಇದ್ದಿಲ್ರಿ," ಎಂದಳು ಮೋನಮ್ಮ.