ತೊಟ್ಟಿಗೆ ಬಂದ ಜ್ವರ

ಸೊಸೆಗೆ ಬೆಳಿಗ್ಗೆಯಿಂದ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅತ್ತೆ ನಡೆಸುವ ಪಾಲಿಶ್ ಶೆಡ್ಡಿನ ನಡುವೆ ಹೆರಿಗೆ ಆಸ್ಪತ್ರೆಯವರು ಹೇಳಿ ಮಾಡಿಸಿದ ಸ್ಟೀಲಿನ ತೊಟ್ಟಿ ಕೂತಿತ್ತು. ಆಗಷ್ಟೇ ಕಣ್ಣುಬಿಟ್ಟ ಕೂಸುಗಳಿಗೆ ಮೊದಲ ನೀರು ಹಾಕುವ ತೊಟ್ಟಿ. ಅತ್ತೆ ಅವಳೊಬ್ಬಳನ್ನೇ ನಂಬಿ ಒಪ್ಪಿಸಿದ ಮೊದಲ ಕೆಲಸ. ಸಂಜೆಗೆ ಗಾಡಿ ಹತ್ತಬೇಕು.

ಒಳಮೈಗೆ ಗಾಜಿನ ಮಣಿ ಹೊಡೆದಾಗಿತ್ತು. ಸಾಸಿವೆಗಿಂತ ಸಣ್ಣ ಮಣಿಗಳು ಗಾಳಿಯ ಬಿರುಸಿಗೆ ಬಡಿದೂ ಬಡಿದೂ, ಸ್ಟೀಲು ಮೋಡ ಹೊದ್ದ ಚಂದ್ರನ ಹಾಗೆ ಮೆತ್ತಗೆ ಬೆಳ್ಳಗಾಗಿತ್ತು. ಹೊರಮೈ ಶುರುಮಾಡುವಷ್ಟರಲ್ಲಿ ಮಣಿ ತೀರಿತು. ಹೊಸ ಚೀಲ ತಂದು ನೋಡಿದರೆ, ಕಂಪ್ರೆಸರ್ ಅಬ್ಬರಿಸುತ್ತಿದೆ, ಗಂಡ ಪೈಪು ಹಿಡಿದು ನಿಂತಿದ್ದಾನೆ. ಓಡಿಹೋಗಿ ವಾಲ್ವ್ ತಿರುಗಿಸಿದಳು.

“ಏನು ತುಂಬಿಸಿದ್ರಿ ಇದಕ್ಕೆ?”

“ನಿನ್ನೆ ಕಬ್ಬಿಣದ ಗೇಟಿಗೆ ಹೊಡೆದೆನಲ್ಲ, ಅದೇ ಗ್ರಿಟ್ಟು ಹರಳು. ಜರಡಿ ಹಿಡಿದೇ ಹಾಕಿದೀನಿ. ನಿನಗೊಂದು ಕೈ ಆಗೋಣ ಅಂದ್ರೆ ಅದೂ ತಪ್ಪಾ?”

ಅವಳು ಗ್ರಿಟ್ಟಿನಲ್ಲಿ ಅಯಸ್ಕಾಂತ ಆಡಿಸಿ ಎತ್ತಿದಳು. ಅದಕ್ಕೆ ಕರೀ ಗಡ್ಡ ಬಂದಿತ್ತು.

“ನೋಡಿ, ಗೇಟಿನ ಪುಡಿ. ಸ್ಟೀಲಿನ ಮೈ ಹೊಕ್ಕಿರುತ್ತೆ. ನೀರು ತಾಗಿದ್ರೆ ತುಕ್ಕು.”

“ಅಂಗೈ ಅಗಲ ಹೊಡೆದಿದೀನಿ, ಅಷ್ಟೆ. ಅಮ್ಮನ ಕಣ್ಣಿಗೂ ಕಾಣಲ್ಲ ಬಿಡು.”

ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. ಅದೇ ಅವಳನ್ನು ಕೊರೆಯತೊಡಗಿತು. ಅಜ್ಜಿಯ ಕಥೆಯಲ್ಲಿ ರಾಕ್ಷಸ ಸೊಳ್ಳೆಯಾಗಿ ತೊಟ್ಟಿಲ ಮನೆಗೆ ನುಸುಳುತ್ತಿದ್ದುದು ಹೀಗೆಯೇ. ಕಬ್ಬಿಣ ಇದ್ದರೆ ತುಕ್ಕಾಗಿ ಇಳಿಯಲಿ ಎಂದು ಉಪ್ಪುನೀರಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಆ ಜಾಗಕ್ಕೆ ಅಂಟಿಸಿದಳು. ಗ್ರಿಟ್ಟಿನ ಡಬ್ಬ ಬರಿದುಮಾಡಿ ಒರೆಸಿದಳು, ಪೈಪು ಕೊಡವಿದಳು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಬಟ್ಟೆ ಎತ್ತಿ ನೋಡಲು ಮಾತ್ರ ಕೈ ಬರಲಿಲ್ಲ.

ಮಧ್ಯಾಹ್ನ ಅತ್ತೆ ಬಂದರು. ಚಪ್ಪಲಿ ಬಿಡುತ್ತಲೇ, “ಇದೇನೇ, ತೊಟ್ಟಿಗೆ ಜ್ವರ ಬಂದಿದ್ಯಾ? ಹಣೆಗೆ ಒದ್ದೆ ಬಟ್ಟೆ ಹಾಕಿದೀಯ?”

“ಧೂಳು ಒರೆಸ್ತಿದ್ಲಮ್ಮ,” ಎಂದ ಗಂಡ, ಅವಳತ್ತ ಕಣ್ಣು ಮಿಟುಕಿಸಿ.

ಒಂದು ಸಲ ಒರೆಸಿಬಿಟ್ಟರೆ ಮುಗಿಯಿತು. ಗಾಡಿ ಹೋಗುತ್ತದೆ, ಅತ್ತೆ ಶಭಾಷ್ ಅನ್ನುತ್ತಾರೆ. ಅವಳು ಬಟ್ಟೆಯನ್ನು ಮೆಲ್ಲಗೆ ಬಿಡಿಸಿ ಅತ್ತೆಯ ಮುಂದೆ ಹರಡಿದಳು. ಚಹಾ ಚಿಮ್ಮಿದ ಹಾಗೆ ಕಂದು ಚುಕ್ಕೆಗಳು.

“ಇವತ್ತು ತೊಟ್ಟಿ ಹೋಗಲ್ಲ ಅತ್ತೆ.”

ಅತ್ತೆ ಚುಕ್ಕೆಗಳನ್ನು ನೋಡಿದರು, ಬೆಂಚಿನ ಮೇಲಿದ್ದ ಕರೀ ಗಡ್ಡದ ಅಯಸ್ಕಾಂತವನ್ನು ನೋಡಿದರು, ಆಮೇಲೆ ಮಗನನ್ನು. ಅವನಿಗೆ ಆಗಲೇ ಕಂಪ್ರೆಸರಿನ ಬೆಲ್ಟ್ ಬಿಗಿ ಮಾಡುವ ಅವಸರ.

“ಗಡ್ಡ ಯಾರದು ಅಂತ ಗೊತ್ತಾಯ್ತು. ಬೆಲ್ಟ್ ಎಲ್ಲೂ ಓಡಿಹೋಗಲ್ಲ, ಬಾ ಇಲ್ಲಿ. ಆಸ್ಪತ್ರೆಗೆ ಫೋನ್ ಮಾಡಿ ನಾಳೆ ಅನ್ನು. ಯಾಕೆ ಅಂತ ಕೇಳಿದ್ರೆ ಇವಳ ಕೈಗೆ ಕೊಡು. ಕೆಲಸ ಇವಳದು, ಮಾತೂ ಇವಳೇ ಆಡ್ಲಿ.”

ಸೊಸೆ ಎಮರಿ ಹಾಳೆ ಹಿಡಿದು ತೊಟ್ಟಿಯ ಪಕ್ಕ ಮಂಡಿಯೂರಿದಳು.

“ಹಾಳೆ ಹೊಸದು ತಾನೆ? ಕಬ್ಬಿಣ ಮುಟ್ಟಿಲ್ಲ ತಾನೆ?”

“ಈಗಷ್ಟೇ ಕಟ್ಟು ಬಿಚ್ಚಿದೆ ಅತ್ತೆ.”

“ಹಂಗಾದ್ರೆ ಉಜ್ಜು.”