ಸವ್ಸನ್ ಕಲಿತ ಶೋಕಗೀತೆ

ಬರ್ತಾಂಗ್ ಕಣಿವೆಯಲ್ಲಿ ಸತ್ತವರಿಗಾಗಿ ಹಾಡುವ ಫಲಕ್ ಎಂಬ ಹಾಡನ್ನು ಹಳೆಯ ಧಾಟಿಯಲ್ಲಿ ಬಲ್ಲವನು ಉಸ್ತಾದ್ ಖುದೋಯೋರ್ ಒಬ್ಬನೇ. ತನ್ನ ಜೊತೆಗೆ ಅದೂ ಮಣ್ಣಾಗಬಾರದೆಂದು ಊರ ಮಕ್ಕಳನ್ನು ಮನೆಗೆ ಕರೆದು ಕಲಿಸುತ್ತಿದ್ದ. ತಪ್ಪಿದವರ ಕಿವಿ ಹಿಂಡುತ್ತಿದ್ದ. ಆದರೂ ಊರವರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು.

ಮಕ್ಕಳಲ್ಲಿ ಕಂಠವೆಂದರೆ ಸವ್ಸನ್‌ಳದು. ಹನ್ನೊಂದರ ಹುಡುಗಿ, ಅಪ್ಪ ಯೋರ್ಬೆಕ್ ಮಾಸ್ಕೋದಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅವಳಿಗೆ ರಾಗ ತಪ್ಪುತ್ತಿರಲಿಲ್ಲ, ಪದ ತಪ್ಪುತ್ತಿರಲಿಲ್ಲ. ಉಸ್ತಾದನಿಗೆ ಮಾತ್ರ ಸಮಾಧಾನವಿಲ್ಲ.

"ಏನೇ ಇದು? ಹೆಣದ ಮುಂದೆ ಹಾಡ್ತಿದ್ದೀಯೋ, ಹಾಲು ಕೊಡು ಅಂತ ಹಸು ಪುಸಲಾಯಿಸ್ತಿದ್ದೀಯೋ?"

ಉಳಿದ ಮಕ್ಕಳು ಕಿಸಕ್ಕೆಂದರು.

"ನೀವು ಹೇಳ್ಕೊಟ್ಟಂಗೇ ಹಾಡ್ತಿದ್ದೀನಲ್ಲ, ಉಸ್ತಾದ್."

"ಗಂಟಲಲ್ಲಿ ಹಾಡ್ತಿದ್ದೀಯ. ಹೊಟ್ಟೆ ಇನ್ನೂ ತಣ್ಣಗಿದೆ ಕಣೇ ನಿಂದು."

ಬಾರ್ಲಿ ಕೊಯ್ಲು ಮುಗಿದ ಮೇಲೆ ಸುತ್ತಲ ಊರುಗಳ ಹಿರಿಯರು ಮಕ್ಕಳ ಹಾಡು ಕೇಳಲು ಶಾಲೆಯ ಅಂಗಳದಲ್ಲಿ ಸೇರಿದರು. ಸವ್ಸನ್‌ಳ ಸರದಿ ಬರುವ ಮುಂಚೆ ಉಸ್ತಾದ್ ಅವಳನ್ನು ಗೋಡೆಯ ಹಿಂದಕ್ಕೆ ಕರೆದೊಯ್ದು ತಲೆ ಸವರಿದ. ಎಂದೂ ಸವರಿದವನಲ್ಲ.

"ಮನಸ್ಸು ಗಟ್ಟಿ ಮಾಡ್ಕೋ ಮಗಳೇ. ಮಾಸ್ಕೋದಿಂದ ಫೋನ್ ಬಂದಿತ್ತು. ನಿಮ್ಮಪ್ಪ ಕಟ್ಟಡದ ಮೇಲಿಂದ ಬಿದ್ದನಂತೆ. ಉಳೀಲಿಲ್ಲ."

"ಅಮ್ಮಂಗೆ..."

"ಅವಳಿಗಿನ್ನೂ ಗೊತ್ತಿಲ್ಲ. ಹೋಗಿ ಹಾಡು. ಅಷ್ಟು ದೂರದಲ್ಲಿ ಅವನಿಗೆ ಇನ್ಯಾರು ಹಾಡ್ತಾರೆ?"

ಸವ್ಸನ್ ಹಾಡಿದಳು. ಸತ್ತವರ ಹೆಸರು ಬರಬೇಕಾದಲ್ಲಿ "ಯೋರ್ಬೆಕ್" ಎಂದಳು. ಹಿರಿಯರ ಗಡ್ಡಗಳು ತೋಯ್ದವು. ಹೆಂಗಸರ ನಡುವೆ ಕುಳಿತಿದ್ದ ತಾಯಿ ಜೈನಬ್ ಗಂಡನ ಹೆಸರು ಕೇಳಿ ಎದ್ದು ನಿಂತಳು. ತಲೆವಸ್ತ್ರ ಕಿತ್ತೆಸೆದು ಮುಖ ಪರಚಿಕೊಂಡಳು. ಉಸ್ತಾದ್ ಕಣ್ಣು ಮುಚ್ಚಿ ರುಬಾಬಿನ ತಂತಿ ಮೀಟುತ್ತಲೇ ಇದ್ದ. ಹಾಡು ಮುಗಿದ ಮೇಲೆಯೇ ಬಾಯಿಬಿಟ್ಟ.

"ಅಳಬೇಡ್ರಮ್ಮಾ, ಯೋರ್ಬೆಕ್ ಗುಂಡುಕಲ್ಲಿನ ಹಾಗಿದ್ದಾನೆ! ನನ್ನ ಗುರುವೂ 'ನಿಮ್ಮಮ್ಮ ಸತ್ತಳು' ಅಂತ ಸುಳ್ಳು ಹೇಳಿಯೇ ನನಗಿದನ್ನ ಕಲಿಸಿದ್ದು. ಹಾಡು ಉಳೀತಲ್ಲ, ಅದು ನೋಡಿ."

ಒಬ್ಬಿಬ್ಬರು ಛೀ ಎಂದರು. ಉಳಿದವರು, ಏನೇ ಅನ್ನಿ, ಎಂಥ ಹಾಡು ಎಂದು ತಲೆದೂಗಿದರು.

ಅಂದು ಸಂಜೆ ಅಪ್ಪ ಫೋನ್ ಮಾಡಿದ. "ಮಾತಾಡೇ ಪುಟ್ಟಿ" ಎಂದು ಗೋಗರೆದ. ಆ ದನಿ ಕೇಳಿ ಸವ್ಸನ್‌ಗೆ ಸತ್ತವನೇ ಮಾತಾಡಿದಂತಾಯಿತು. ಫೋನನ್ನು ತಾಯಿಯ ಕೈಗಿಟ್ಟಳು. ಮತ್ತೆ ಪಾಠಕ್ಕೆ ಹೋಗಲಿಲ್ಲ.

ಹಿಮ ಕರಗುವ ಹೊತ್ತಿಗೆ ಉಸ್ತಾದನ ಹೆಂಡತಿ ಗುಲ್ಬೇಗಿಮ್ ತೀರಿಕೊಂಡಳು. ಕಿವಿ ಹಿಂಡಿಸಿಕೊಂಡ ಮಕ್ಕಳ ಅಂಗೈಗೆ ಒಣಗಿದ ಹಿಪ್ಪುನೇರಳೆ ಹಣ್ಣು ತುರುಕಿ ಕಳಿಸುತ್ತಿದ್ದವಳು ಅವಳು. ಉಸ್ತಾದ್ ಟೋಪಿ ಕೈಯಲ್ಲಿ ಹಿಡಿದು ಜೈನಬ್‌ಳ ಮನೆ ಬಾಗಿಲಿಗೆ ಬಂದ.

"ಬಾ ಮಗಳೇ. ನನ್ನ ಗಂಟಲಿಂದ ಸ್ವರಾನೇ ಹೊರಡ್ತಿಲ್ಲ. ಹಾಡಿಲ್ಲದೆ ಅವಳನ್ನ ಹೇಗೆ ಕಳಿಸಲಿ?"

ಸವ್ಸನ್ ಕಲ್ಲಿನಿಂದ ಜರ್ದಾಳು ಬೀಜ ಒಡೆಯುತ್ತಿದ್ದಳು. ತಲೆಯೆತ್ತಿ ಕೇಳಿದಳು:

"ನಿಜವಾಗ್ಲೂ ಸತ್ರಾ?"

ಮುದುಕ ಹೊಸಿಲ ಮೇಲೆ ಕುಸಿದು ಕುಳಿತ. "ನಿಜ ಕಣಮ್ಮ."

"ನಂಗೆ ಹಾಡು ಮರ್ತೋಗಿದೆ."

ಒಂದಕ್ಷರವೂ ಮರೆತಿರಲಿಲ್ಲ. ಅವನು ಎದ್ದು ಹೋದ ಮೇಲೆ ತಾಯಿ ಗದರಿದಳು: "ಹೋಗೇ! ಆ ಪುಣ್ಯಾತ್ಗಿತ್ತಿ ಏನು ಮಾಡಿದ್ಲು ನಿಂಗೆ?"

ಸವ್ಸನ್ ಏಳಲಿಲ್ಲ. ಹೆಣ ಹೊತ್ತವರು ಅವರ ಮನೆ ಮುಂದೆಯೇ ಹಾದುಹೋದರು. ಉಳಿದ ಮಕ್ಕಳು ಹಾಡಲು ಹೋಗಿ ನಡುವೆ ತಡವರಿಸಿ ನಿಂತುಬಿಟ್ಟರು. ಎಲ್ಲಿ ತಪ್ಪಿದರೆಂದು ಅವಳಿಗೆ ಒಳಗಿಂದಲೇ ಗೊತ್ತಾಯಿತು. ಕಲ್ಲೆತ್ತಿ ಇನ್ನೊಂದು ಬೀಜ ಒಡೆದಳು.